ತುದಿ ಹುಡುಕುವುದು

ಈಸ್ಟರ್ ಕಳೆದ ವಾರ ದೃಢೀಕರಣದ ಕ್ಲಾಸಿನಲ್ಲಿ
ಹೊಸ ಅಯ್ಯನವರು ಮೊಳೆ ಹೊಡೆದು ಚಾರ್ಟು ತೂಗಿಸಿದರು:
ಹುಳ, ಗೂಡು, ಆಮೇಲೆ ಹಳದಿ ರೆಕ್ಕೆಯ ಚಿಟ್ಟೆ.
"ಸಮಾಧಿ ಬರಿದಾದದ್ದು ಹೀಂಗ ನೋಡ್ರಿ ಮಕ್ಕಳ."
ಬೆನಯ್ಯ ಆಮೆನ್ ಅಂದ.
ಅವನು ಎಲ್ಲಕ್ಕೂ ಅನ್ನುತ್ತಾನೆ, ಕರೆಂಟು ಬಂದರೂ.

ನಾನು ಕೈ ಎತ್ತಬಾರದಿತ್ತು.
"ಅಯ್ಯನವರೇ, ಶಿಡ್ಲಘಟ್ಟದಲ್ಲಿ ಯಾವುದೂ ಹೊರಗೆ ಬರಲ್ಲ.
ಬರೋಕೆ ಮುಂಚೆ ಬೇಯಿಸ್ತೀವಿ.
ಬಂದುಬಿಟ್ಟರೆ ಗೂಡು ತೂತು, ಎಳೆ ತುಂಡು ತುಂಡು,
ಮಾರ್ಕೆಟ್ಟಲ್ಲಿ ಯಾರೂ ಮೂಸಲ್ಲ."

ಸ್ಟೆಲ್ಲಾ ಟೀಚರ್ ಕಣ್ಣಲ್ಲೇ ನನ್ನ ಕಿವಿ ಹಿಂಡಿದರು.
ಅಯ್ಯನವರು ಚಾರ್ಟನ್ನೇ ನೋಡಿದರು, ತುಂಬ ಹೊತ್ತು,
ತಾವೇ ಮೊದಲ ಸಲ ನೋಡುವ ಹಾಗೆ.
"ನಂಗ ಗೊತ್ತಿರಲಿಲ್ಲವಾ ಹೆಫ್ಸಿಬಾ.
ನಮ್ಮ ಗದಗಿನ ಕಡೆ ಹತ್ತಿ ಬೆಳೀತಾರ.
ತೋರಸ್ತೀಯೇನು?"

ಮಂಗಳವಾರ ಬಂದೇಬಿಟ್ಟರು,
ಇಲಿಯಾಸ್ ಸಾಹೇಬರ ಫಿಲೇಚರಿನ ಮುಂದೆ ಸ್ಕೂಟರ್ ನಿಲ್ಲಿಸಿ.
ಮೂಗಿಗೆ ಕರ್ಚೀಫು ಹಿಡಿಯಲಿಲ್ಲ.
ಅದನ್ನೇ ನಾನು ಮೊದಲು ನೋಡಿದ್ದು.

ಆವಿಯ ನಡುವೆ ಅಮ್ಮ.
ಬಿಸಿನೀರಲ್ಲಿ ಗೂಡುಗಳು ತಲೆ ಎತ್ತಿ ಮುಳುಗಿ,
ಅಮ್ಮನ ಕೈಯ ಪೊರಕೆಕಡ್ಡಿ ಅವುಗಳ ಮೇಲೆ ಸವರಿ ಸವರಿ
ತುದಿ ಹುಡುಕುತ್ತದೆ.
ಕಣ್ಣಿಗೆ ಕಾಣದ ಎಳೆ. ಬೆರಳಿಗೆ ಗೊತ್ತು.
ಸಿಕ್ಕಿತೋ, ಒಂದು ಗೂಡಿನಿಂದ
ನಮ್ಮನೆಯಿಂದ ಬಸ್ ಸ್ಟ್ಯಾಂಡಿನವರೆಗೂ ಹರಿಯುತ್ತದೆ.
ಕೊನೆಗೆ ತಳದಲ್ಲಿ ಉಳಿಯುವುದು ಕಂದು ಬಣ್ಣದ ಹುಳ,
ಮಡಚಿಕೊಂಡು, ನಿದ್ದೆ ಮುಗಿಸದೆ.

ಅಯ್ಯನವರು ಬೆರಳು ಅದ್ದಿದರು. "ಯಪ್ಪಾ!"
ಅಮ್ಮ ನಕ್ಕಳು, ಅಯ್ಯನವರ ಮುಂದೆ, ಹಲ್ಲು ಕಾಣುವಂತೆ.
ಆಮೇಲೆ ತಣ್ಣೀರು ಹುಯ್ದಳು.

"ಇದನ್ನ ಶುರು ಮಾಡೂ ಮುಂದ ಏನರ ಪ್ರಾರ್ಥನಾ ಮಾಡ್ತೀರೇನಮ್ಮ?"
"ಮೊದಲ ಬುಟ್ಟಿ ಸುರಿಯೋವಾಗ 'ಕರ್ತನೇ' ಅಂತೀನಿ.
ಅಷ್ಟೇ ಅಯ್ಯನವರೇ.
ಅದರ ಮುಂದೆ ಏನು ಸೇರಿಸಬೇಕೋ
ಇಪ್ಪತ್ತು ವರ್ಷದಿಂದ ತಿಳಿದಿಲ್ಲ."

ಇಪ್ಪತ್ತು ವರ್ಷ.
ನನಗೆ ಹದಿನೈದು. ನನಗಿದು ಗೊತ್ತೇ ಇರಲಿಲ್ಲ.

ಈಗ ಹೇಳಿಬಿಡುತ್ತೇನೆ:
ಆರನೇ ಕ್ಲಾಸಿನಿಂದ ಚರ್ಚಿನಲ್ಲಿ ನಾನು ಅಮ್ಮನ ಪಕ್ಕ ಕೂತಿಲ್ಲ.
ಕ್ವಾಯರ್ ಅಂತ ನೆಪ. ನನ್ನ ಕಂಠ ಅಂಥದ್ದೇನಲ್ಲ.
ಮೂರು ಸಲ ಸೋಪು ಹಚ್ಚಿದರೂ ಹುಳದ ವಾಸನೆ ಕೈ ಬಿಡದು,
ಶೆರ್ಲಿನ್ ಒಮ್ಮೆ ದುಪಟ್ಟಾ ಮೂಗಿಗೆ ಏರಿಸಿದ್ದಳು,
ನಾನೂ ಜೊತೆಗೆ ಏರಿಸಿದ್ದೆ.
ಅಮ್ಮ ನೋಡಿರಲಿಲ್ಲ ಅಂತ ಇಷ್ಟು ದಿನ ನಂಬಿದ್ದೆ.

ಮುಂದಿನ ಭಾನುವಾರ ಚಾರ್ಟು ಇರಲಿಲ್ಲ.
ಮೊಳೆ ಇತ್ತು.
ಅಯ್ಯನವರು ಪುನರುತ್ಥಾನದ ಪಾಠಕ್ಕೆ ಬಂದಾಗ
ಬೆರಳಿನ ಬೊಕ್ಕೆ ಒತ್ತಿಕೊಳ್ಳುತ್ತಾ ಸುಮ್ಮನಾದರು,
ಬೆನಯ್ಯನೂ ಸುಮ್ಮನಾದ.

ಬಿಷಪ್ ಬಂದ ದಿನ
ಬಿಳಿ ಕಾಟನ್ ಚೂಡಿದಾರ, ಇಸ್ತ್ರಿಯ ಬಿಸಿ ಇನ್ನೂ ಬೆನ್ನಿಗೆ.
"ನಂಬುತ್ತೀಯಾ?"
ಬಾಯಿಪಾಠದ ಉತ್ತರ ನಾಲಿಗೆಯಲ್ಲಿತ್ತು, ತಯಾರು.
ಆದರೂ ಒಳಗೆ ಏನೋ ಸವರಿ ಸವರಿ ಹುಡುಕಿತು,
ಬಿಸಿಯಲ್ಲಿ, ಕಾಣದೆ.
ಸಾಲಿನ ಹುಡುಗರು ಆಗಲೇ ಹೇಳಿ ಮುಗಿಸಿದ್ದರು.
ನನ್ನದು ತಡವಾಗಿ ಬಂತು, ತೆಳ್ಳಗೆ:
"ನಂಬುತ್ತೇನೆ."
ಎಷ್ಟು ದೂರ ಹರಿಯುತ್ತದೋ, ಎಲ್ಲಿ ತುಂಡಾಗುತ್ತದೋ, ನಾನು ಕೇಳಲಿಲ್ಲ.

ಪ್ರಭುಭೋಜನಕ್ಕೆ ಮೊಣಕಾಲೂರುವಾಗ
ಗೆಳತಿಯರನ್ನು ದಾಟಿ ಅಮ್ಮನ ಪಕ್ಕಕ್ಕೆ ಹೋದೆ.
ಅವಳು ಗಾಬರಿಯಾಗಿ ಸ್ವಲ್ಪ ಸರಿದು ಜಾಗ ಬಿಟ್ಟಳು,
ವಾಸನೆ ತಾಗದಿರಲಿ ಅಂತ.
ನಾನೂ ಅಷ್ಟೇ ಸರಿದೆ, ಅವಳ ಕಡೆಗೆ.

ಎರಡು ಜೊತೆ ಅಂಗೈ.
ಒಂದು ನೀರಲ್ಲಿ ನೆನೆದು ಬಿಳಿಚಿ ಬಿರುಕುಬಿಟ್ಟದ್ದು.
ರೊಟ್ಟಿಯ ಚೂರು ಮೊದಲು ಅವಳಿಗೆ ಸಿಕ್ಕಿತು.
"ಕರ್ತನೇ" ಅಂದಳು ಮೆಲ್ಲಗೆ, ಅಷ್ಟೇ.
ಮುಂದೇನು ಸೇರಿಸಬೇಕೋ
ನನಗೂ ತಿಳಿಯಲಿಲ್ಲ.